ಕುರಿಗತ್ತರಿ

ಚಿಕ್ಕ ಕತ್ತರಿ ಕೇಳಬೇಡ ಯಾಗ್ನಾ, ಈ ಮನೆಯಲ್ಲಿಲ್ಲ.
ಇರುವುದು ಇದೊಂದೇ, ಅಪ್ಪ ಉಣ್ಣೆ ಕತ್ತರಿಸುತ್ತಿದ್ದದ್ದು,
ಮೊಣಕೈಯುದ್ದದ ಕಬ್ಬಿಣ.
ಕುರಿಗಳು ಹೋಗಿ ಐವತ್ತು ವರ್ಷ.
ಹಿಡಿಯ ಬಳಿ ಮೂಸು: ಥಂಡಿ ಹಿಡಿದ ದಿನ
ಇನ್ನೂ ಅವುಗಳ ನಾತ.

ಕಾಗದ ಮಡಿಸು. ಬಣ್ಣದ ಮೈ ಒಳಕ್ಕೆ.
ಉಗುರಿನಿಂದ ತೀಡು, ಗೆರೆ ಚೂಪಾಗಲಿ.
ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸು.
ಕತ್ತರಿ ಕೂತಲ್ಲೇ ಕೂತು ಮೆಲುಕು ಹಾಕುತ್ತದೆ,
ಮೇವು ಒಡ್ಡುವುದಷ್ಟೇ ನಿನ್ನ ಕೆಲಸ.
ಪೆನ್ಸಿಲ್ಲೆ? ಬೇಡ.
ಗೆರೆ ಎಳೆದುಕೊಂಡರೆ ಕೈ ಗೆರೆಯ ಆಳಾಗುತ್ತದೆ.
ಇನ್ನೊಂದು ಮಾತು: ಮಡಿಕೆಯೊಳಗೆ
ಸರಿ ಬಂದದ್ದು ಎರಡು ಸಲ ಸರಿ,
ತಪ್ಪಿದ್ದು ಎರಡು ಸಲ ತಪ್ಪು.

ಹುಂಜದ ಬಾಲಕ್ಕೆ ಐದು ಪದರ.
ಕಡುಹಸಿರು, ಅದರ ಮೇಲೆ ಕೆಂಪು,
ಆಮೇಲೆ ಕಿತ್ತಳೆ, ಹಳದಿ, ಕೊನೆಗೊಂದು ಬಿಳಿಯ ಎಳೆ.
ಮೇಲಿನದು ಕೆಳಗಿನದಕ್ಕಿಂತ ಗೋಧಿಕಾಳಿನಷ್ಟು ಸಣ್ಣದು;
ಅಂಚು ಕಾಣಬೇಕು.
ಮೇಲೆ ಕೂತವರು ಕೆಳಗಿನವರನ್ನು ಪೂರ್ತಿ ಮುಚ್ಚಬಾರದೆಂದು
ಪಾದ್ರಿಯೊಬ್ಬ ನಮ್ಮ ಹುಂಜ ತೋರಿಸಿಯೇ ಪ್ರವಚನ ಕೊಟ್ಟ.
ಮರುವಾರ ಅವನನ್ನು ಬೇರೆ ಊರಿಗೆ ಕಳಿಸಿದರು.

ಅಂಟು ರೈ ಹಿಟ್ಟಿನದು, ಗಂಟಿಲ್ಲದ ಅಂಬಲಿ.
ಬೆರಳಲ್ಲಿ ಸವರು, ಕುಂಚ ಜಾಸ್ತಿ ಕುಡಿಯುತ್ತದೆ.

ಪ್ರತಿ ಈಸ್ಟರಿಗೆ ಮುನ್ನ ಗೋಡೆಗೆ ಸುಣ್ಣ.
ಹಳೆಯ ಹುಂಜಗಳನ್ನು ಕೆರೆದು ಒಲೆಗೆ ಹಾಕಿ
ಅದೇ ಜಾಗಕ್ಕೆ ಹೊಸವು.
ಅರವತ್ತು ಈಸ್ಟರ್ ಲೆಕ್ಕ ಹಾಕು, ಎಷ್ಟು ಹುಂಜ ಸುಟ್ಟಿರಬಹುದು!
ವಾರ್ಸಾದ ಮ್ಯೂಸಿಯಂನವರು ಕಾರಲ್ಲಿ ಬಂದರು,
ಹಳೆಯದೊಂದಾದರೂ ಇದೆಯೇ ಅಜ್ಜಿ ಎಂದರು.
ಬೂದಿ ಇದೆ, ತೋಟಕ್ಕೆ ಹಾಕಿದ್ದೇನೆ ಎಂದೆ.
ಈ ಲೆಡ್ಜರ್ ತೋರಿಸಲಿಲ್ಲ.

ತಗೋ, ಕೈ ಒರೆಸಿಕೊಂಡು ಮುಟ್ಟು.
ಹಾಲಿನ ಸಹಕಾರ ಸಂಘದ್ದು; ಲೀಟರು, ಕೊಬ್ಬು, ಸಹಿ
ಎಂಬ ಕಾಲಮ್ಮುಗಳ ಮೇಲೆ ನನ್ನ ತಂಗಿ ಬ್ರೋನ್ಯಾ
ಅಂಟಿಸಿಟ್ಟದ್ದು ಇವು.
ಅವಳಿಗೆ ಕತ್ತರಿಸಲು ಬರುತ್ತಿರಲಿಲ್ಲ.
ಅವಳ ಹುಂಜ ಮಡಿಕೆ ಬಿಡಿಸಿದರೆ ಬಾತುಕೋಳಿ.
ಮೇಜಿನ ಕೆಳಗೆ ಕೂತು ನನ್ನ ಕತ್ತರಿಯಿಂದ
ಉದುರಿದ್ದನ್ನು ಆಯುತ್ತಿದ್ದಳು:
ಬಾದಾಮಿ, ಕುಡುಗೋಲು, ಹನಿ, ಬಾಚಣಿಗೆಯ ಹಲ್ಲು.
ನೋಡು, ನೇರಳೆ ಪೆನ್ಸಿಲಿನಲ್ಲಿ
‘ಗೆನ್ಯಾಳ ಹುಂಜದ ಕಣ್ಣು, ಮಾರ್ಚ್, ಹಿಮ ಕರಗಿಲ್ಲ.’
ಸಾಸಿವೆಯಷ್ಟು ಕೆಂಪು.
ಹುಂಜ ಇಲ್ಲ, ಗೋಡೆಯನ್ನೂ ಒಡೆದು ಕಟ್ಟಿದೆವು,
ಕಣ್ಣು ಬಿದ್ದುಹೋದ ತೂತು ಮಾತ್ರ
ಇಲ್ಲಿ ಕೂತು ನಮ್ಮನ್ನೇ ನೋಡುತ್ತಿದೆ.

ಈ ಪುಟ ಬೇಡ. ಸರಿ, ತಿರುಗಿಸಿದ್ದೀಯಲ್ಲ, ನೋಡು.
ಇದು ನಾವು ಮಾತು ಬಿಟ್ಟಿದ್ದ ವರ್ಷ.
ಜಗಳ ಈ ಕತ್ತರಿಗೇ: ಅಪ್ಪ ತನಗೆ ಕೊಟ್ಟದ್ದು ಎಂದಳು,
ಕೊಯ್ಯಲು ಬಾರದವಳಿಗೆ ಯಾಕೆ ಎಂದೆ.
ಹೇಳಬಾರದಿತ್ತು.
ಆ ವರ್ಷ ಅವಳು ಈ ಹೊಸ್ತಿಲು ತುಳಿದಿಲ್ಲ.
ಪುಟ ತುಂಬಿದೆ.
ಒಂದೊಂದು ಚೂರಿಗೂ ಕಂದು ಕಲೆ,
ಆಲೂಗಡ್ಡೆ ಸಿಪ್ಪೆಯ ನೀರಿನ ಕಲೆ.
ನನ್ನ ಕಸ ಆಗ ಹಿತ್ತಲ ಗುಂಡಿಗೆ ಹೋಗುತ್ತಿತ್ತು.
ರಾತ್ರಿ ನಾಯಿ ಬೊಗಳುತ್ತಿರಲಿಲ್ಲ,
ಗುರುತಿನವರಿಗೆ ಅದು ಬೊಗಳುವುದಿಲ್ಲ.
ನಾನು ನಿದ್ದೆ ಮಾಡಿದೆ.
ಕಳೆದ ಚಳಿಗಾಲ ಅವಳ ಹಿಟ್ಟಿನ ಡಬ್ಬದಡಿ
ಇದು ಸಿಕ್ಕಾಗ ಅವಳನ್ನು ಹೂಳಿ ಒಂಬತ್ತು ದಿನ.

ಸಾಕು, ಆ ಮೂಗು ಒರೆಸಿಕೋ, ಕಾಗದ ಒದ್ದೆಯಾದೀತು.
ಎಲ್ಲಿ, ನಿನ್ನದನ್ನು ಬಿಡಿಸು.
ನಿಧಾನ, ಕೊರಳ ಹತ್ತಿರ ಹರಿಯುತ್ತದೆ.
ಹ್ಞೂಂ.
ಬಾತುಕೋಳಿ.

ಆಗಲಿ, ಇನ್ನೊಂದು ಹಾಳೆ ತಗೋ.
ಪೊರಕೆ ಯಾಕೆ ಹಿಡಿದೆ? ಇಡು ಅದನ್ನು.
ಕಾಲು ಎತ್ತಿ ಕೂರು,
ಕೆಳಗೆ ಬಿದ್ದದ್ದರ ಮೇಲೆ ತುಳಿಯುತ್ತಿದ್ದೀಯ.