ಮುಂಗಡ ಐದು ರೂಪಾಯಿ

ಕಬ್ಬಿನ ಲಾರಿಗಳ ಹಿಂದೆ ಹಿಂದೆಯೇ ಓಡಿ
ಮೂರು ತಿಂಗಳು ಧೂಳು ಕುಡಿದ ಸೀಲು,
ಮೂಗು ಸೋರುವ ಮಗು.
ಬೆಳಗಾದರೆ ಎಡಗಡೆ ಫೋರ್ಕಿನ ಹೊಳಪಿನ ಮೇಲೆ
ಎಣ್ಣೆಯ ಕಪ್ಪು ಉಂಗುರ.

ಸ್ಪೆಷಲ್ ಟೂಲ್ ಬೇಕು ಮೇಡಂ, ಮೈಸೂರಿಗೆ ಕಳಿಸಿ,
ಅಂದ ಮೆಕ್ಯಾನಿಕ್ ಅಲ್ತಾಫ್.
ಹೂಂ ಅಂದೆ. ಕಳಿಸಲಿಲ್ಲ.
ಇಪ್ಪತ್ತೆರಡು ವರ್ಷ ಕಾಲೇಜಿನ ಲ್ಯಾಬಿನಲ್ಲಿ
ಇಲ್ಲದ ಸಾಮಾನಿನಲ್ಲೇ ಪ್ರಯೋಗ ಮಾಡಿಸಿದವಳು ನಾನು.

ಮೊದಲು ತೆಗೆದದ್ದು ಅಪ್ಪನ ಸ್ಟುಡಿಯೊ ಪೆಟ್ಟಿಗೆ.
ನೆಗೆಟಿವ್ ಪಟ್ಟಿಯನ್ನು ಸೀಲಿನ ತುಟಿಯೊಳಗೆ ತೂರಿಸಿ
ಸುತ್ತ ಎಳೆದರೆ ಮರಳು ಈಚೆ ಬರುತ್ತದೆ;
ಅಷ್ಟು ತೆಳ್ಳಗೆ, ಅಷ್ಟು ಬಿಗಿಯಾಗಿ ಬಳುಕುವುದು
ಮನೆಯಲ್ಲಿ ಬೇರೇನಿಲ್ಲ.
ಲಕೋಟೆಯ ಮೇಲೆ ಅಪ್ಪನ ದುಂಡಕ್ಷರ:
ಕೆರಗೋಡು ಚಿಕ್ಕತಾಯಮ್ಮ, ಪಾಸ್‌ಪೋರ್ಟ್ ಸೈಜು,
ಮೂರು ಕಾಪಿ, ಮುಂಗಡ ಐದು ರೂಪಾಯಿ.
ಬೆಳಕಿಗೆ ಹಿಡಿದೆ. ಬಿಳೀ ಕೂದಲು, ಕಪ್ಪು ಹಲ್ಲು,
ಹಣೆಯಲ್ಲಿ ಬೆಳ್ಳನೆ ಕುಂಕುಮ.
"ಅದು ಬ್ಯಾಡ ಕಣವ್ವ," ಸ್ಟೂಲಿನಿಂದ ಅಪ್ಪ,
"ನಾಳೀಕೆ ಬಂದು ಕೇಳುದ್ರೆ?"
ಆ ನಾಳೆಗೆ ಮೂವತ್ತೊಂದು ವರ್ಷ.
ಇಟ್ಟುಬಿಟ್ಟೆ.
ನಾನು ಏಳರವಳಾಗಿ ಕನ್ನಂಬಾಡಿಯಲ್ಲಿ ತೆಗೆದ ಪಟ್ಟಿ ಸಿಕ್ಕಿತು,
ಆರು ಚೌಕದಲ್ಲೂ ನನ್ನದೇ ಹೆಬ್ಬೆರಳು.
ಎಳೆದೆ. ಮರಳು ಬಂತು. ಎಣ್ಣೆ ನಿಂತಿತು
ಹದಿನೆಂಟು ದಿನ.
ಗುತ್ತಲು ರಸ್ತೆಯ ಹಂಪಿನಲ್ಲಿ ಮತ್ತೆ ಉಗುಳಿತು.

ಸರಿ, ಬಿಚ್ಚುವುದೇ.
ಜಗಲಿಯ ತೊಲೆಗೆ ಸೇದುವ ಹಗ್ಗ ಬಿಗಿದು
ಮೂತಿ ಎತ್ತಿ ನಿಲ್ಲಿಸಿದ ಸಮುರಾಯ್ ಗಾಡಿ
ಹಲ್ಲು ನೋಡಿಸಿಕೊಳ್ಳುವ ಎತ್ತಿನ ಹಾಗೆ ಸುಮ್ಮನಿತ್ತು.
ಕೆಳಗಿನ ಬೋಲ್ಟು ತಿರುಗಿಸಿದರೆ
ಒಳಗಿನ ಕಡ್ಡಿಯೂ ಜೊತೆಗೇ ತಿರುಗುತ್ತದೆ,
ಎಲ್ಲದಕ್ಕೂ ತಲೆಯಾಡಿಸುತ್ತದೆ, ಬಿಟ್ಟು ಮಾತ್ರ ಕೊಡುವುದಿಲ್ಲ.
ಅದನ್ನು ಹಿಡಿಯಲಿಕ್ಕೇ ಆ ಸ್ಪೆಷಲ್ ಟೂಲ್.
ನಮ್ಮಲ್ಲಿದ್ದದ್ದು ನೆಲ ಒರೆಸುವ ಮಾಪಿನ ಮರದ ಹಿಡಿ.
ತುದಿಯನ್ನು ಮಚ್ಚಿನಲ್ಲಿ ಪೆನ್ಸಿಲಿನಂತೆ ಹೆರೆದು
ಮೇಲಿನಿಂದ ಇಳಿಬಿಟ್ಟು, ಎರಡೇಟು.

"ಹಿಡ್ಕೊಳಪ್ಪ."
ಕಾಫಿ ಲೋಟ ತುಳುಕಿಸುವ ಕೈ,
ಬ್ಯಾಂಕಿನವರು ಎರಡು ವರ್ಷದಿಂದ ಸಹಿ ಒಪ್ಪದ ಕೈ,
ಕೋಲು ಸಿಕ್ಕಿದ್ದೇ ನಿಂತಿತು.
ಮಂಕು ಬೆಳಕಿನಲ್ಲಿ ಒಂದು ಸೆಕೆಂಡು ಶಟರ್ ತೆರೆದಿಡುವಾಗ
ಉಸಿರು ಕಟ್ಟುತ್ತಿದ್ದರಲ್ಲ, ಹಾಗೆ.
ಕೆಳಗೆ ಮಲಗಿ ನಾನು ಅಲೆನ್ ಕೀ ತುಳಿದೆ.
ಕಿರ್ರೆಂದು ಬೋಲ್ಟು ಬಿಟ್ಟುಕೊಟ್ಟಿತು.
"ನೋಡ್ದಾ?" ಅಂದರು. ಕೈ ಮತ್ತೆ ಶುರುವಾಯಿತು.

ಹೊಸ ಸೀಲು ಹರಿಯದಿರಲೆಂದು
ಕೊಳವೆಯ ಬಾಯಿಗೆ ಹಾಲಿನ ಪ್ಯಾಕೆಟ್ಟು ಹೊದಿಸಿ,
ಎಣ್ಣೆ ಸವರಿ, ಹಳೇ ಸೀಲನ್ನೇ ಮೇಲಿಟ್ಟು,
ಪ್ಲಂಬರ್ ಸಿದ್ಧರಾಜು ಬಿಟ್ಟುಹೋದ ಪಿವಿಸಿ ತುಂಡಿನಿಂದ ತಟ್ಟಿದೆ.
ಟಪ್ ಟಪ್ ಟಪ್. ಆಮೇಲೆ ಠಣ್.
ತಳ ಮುಟ್ಟಿತೆನ್ನಲು ಸದ್ದು ಬದಲಾಗುವುದೊಂದೇ ಗುರುತು.
ಎಣ್ಣೆ ಅಳೆದದ್ದು ಲ್ಯಾಬಿನ ಸಿಲಿಂಡರಿನಲ್ಲಿ,
ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿ,
ಹುಡುಗರು ಎಂದೂ ಇಳಿಸದ ಹಾಗೆ.

ಕಲ್ಲಹಳ್ಳಿವರೆಗೂ ಹೋಗಿ ಬಂದೆ.
ಉಂಗುರವಿಲ್ಲ.
ಹಿಡಿಯಿಲ್ಲದ ಮಾಪಿನಲ್ಲಿ ಬಗ್ಗಿ ನೆಲ ಒರೆಸುತ್ತಿದ್ದೇನೆ.
ಒಂದು ವಾಷರ್ ಉಳಿದಿದೆ, ಎಲ್ಲಿಯದೋ ಗೊತ್ತಿಲ್ಲ;
ಅದನ್ನೂ ಲಕೋಟೆಗೆ ಹಾಕಿಟ್ಟಿದ್ದೇನೆ
ಚಿಕ್ಕತಾಯಮ್ಮನ ಜೊತೆ,
ಕೇಳಿಕೊಂಡು ಬಂದರೆ ಕೊಡಲಿಕ್ಕೆ.