ಇಳಿಯುವಾಗ ಕೇಳಿ

ಮದುವೆ ಕಾಗದದ ಲಕೋಟೆ ನಮ್ಮ ಮನೆಯಲ್ಲಿ ಎಸೆಯುವುದಿಲ್ಲ.
ಮೂಲೆಗೆ ಅರಿಶಿನ ಹಚ್ಚಿದ್ದು, ಗಣಪತಿ ಅಚ್ಚಾಗಿದ್ದು,
ಯಾರ ಲಗ್ನದ್ದೋ, ಹೋದೆವೋ ಇಲ್ಲವೋ ನೆನಪಿಲ್ಲ.
ಏಳನೇ ತಾರೀಖು ಅವನ್ನೆಲ್ಲ ಚಾಪೆಯ ಮೇಲೆ ಹರಡುತ್ತೇವೆ.

ಮಾಚೇನಹಳ್ಳಿ ಗಾರ್ಮೆಂಟ್ಸಿನ ನನ್ನ ಹನ್ನೊಂದೂವರೆ ಸಾವಿರ,
ತೀರ್ಥಹಳ್ಳಿ ಬಸ್ಸಿನ ಅವನ ಬೆವರು ಹತ್ತಿದ ನೋಟು.
ಫೋನಿನಲ್ಲಿರುವುದು ದುಡ್ಡೇ ಅಲ್ಲ ಎನ್ನುತ್ತಾನೆ ಹಾಲೇಶ,
ಎಂಜಲು ಹಚ್ಚಿ ಎಣಿಸಿದರೇ ಅವನಿಗೆ ನಂಬಿಕೆ.

ಬಾಡಿಗೆ. ಗ್ಯಾಸು. ರೇಷನ್ನು. ಶಾಲೆ. ಸಂಘದ ಕಂತು. ಇತರೆ.
ಕಂಡಕ್ಟರನ ಅಕ್ಷರ, ಎಲ್ಲವೂ ಬಲಕ್ಕೆ ವಾಲಿದೆ
ತಿರುವಿನಲ್ಲಿ ನಿಂತು ಬರೆದ ಹಾಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು.
ನಾಲ್ಕು ಜನಕ್ಕೆ ಎಂಟು ಕಾಲು,
ಯಾರದು ಮೊದಲು ಅಂತ ಹೇಳಲಿಲ್ಲ.

ಅವನು ಬರುವುದು ರಾತ್ರಿ ಹತ್ತೂವರೆ, ನಾನು ಹೊರಡುವುದು ಬೆಳಿಗ್ಗೆ ಏಳು.
ಮಾತಿಗೆ ಹೊತ್ತು ಎಲ್ಲಿಂದ ತರುವುದು?
ಲಕೋಟೆಯೊಳಗೆ ಚೀಟಿ ಇಡುತ್ತೇವೆ.
"ಶಾಲೆಯಿಂದ ಇನ್ನೂರು ತಗೊಂಡೆ, ಟಯರಿಗೆ. ಗುರುವಾರ ಹಾಕ್ತೀನಿ."
"ಗ್ಯಾಸಿನಿಂದ ಎಂಬತ್ತು. ಹಲಸಿನಹಣ್ಣು. ನೀನೂ ತಿಂದಿದ್ದೀಯ, ಅರ್ಧ ಸಾಲ ನಿನ್ನದು."
ಅವನ ಚೀಟಿಯೆಲ್ಲ ಟಿಕೆಟ್ಟಿನ ಬೆನ್ನು.
ಚಿಲ್ಲರೆ ಇಲ್ಲದಾಗ ಅಲ್ಲೇ ಬಾಕಿ ಬರೆದು, ಸುತ್ತ ಸೊನ್ನೆ ಎಳೆದು
ಇಳಿಯುವಾಗ ಕೇಳಿ ಎನ್ನುತ್ತಾನಂತೆ.
ಎಷ್ಟೋ ಜನ ಕೇಳದೆ ಇಳಿದುಬಿಡುತ್ತಾರಂತೆ.

ಮಾರ್ಚಿಯಲ್ಲಿ ಅತ್ತೆಯ ಕಣ್ಣಿನ ಹನಿ, ಬೀಪಿ ಗುಳಿಗೆ, ಮುನ್ನೂರ ನಲವತ್ತು.
ಇತರೆಯಲ್ಲಿ ಬರೆದೆ.
ಅವನು ಹೆಬ್ಬೆರಳಿಟ್ಟು ಎರಡು ಸಲ ಓದಿದ.
"ನಮ್ಮವ್ವ ಇತರೆನಾ?"
ಹೇಳದೆ ಕೇಳದೆ ಬರೋ ಖರ್ಚು ಕಣೋ ಅದು, ಎಂದೆ.
"ಮೂವತ್ತು ದಿನವೂ ಬರೋದಕ್ಕೆ ಹೆಸರಿಲ್ವಾ?"
ಗೋಡೆಯಾಚೆ ಅತ್ತೆ ಕೆಮ್ಮಿದರು, ಕೆಮ್ಮು ಬರದಿದ್ದರೂ.

ನಾನೂ ಬಿಡಲಿಲ್ಲ.
ಅವ್ವ ಇತರೆಯಲ್ಲಾದರೂ ಇದ್ದಾರೆ. ನಾನೆಲ್ಲಿದ್ದೀನಿ, ತೋರಿಸು.
ಅವನು ಹುಡುಕಿದ. ನಿಜಕ್ಕೂ ಹುಡುಕಿದ,
ಫೆಬ್ರವರಿ, ಜನವರಿ, ಹೋದ ವರ್ಷದ ದೀಪಾವಳಿ ತನಕ.
ಸಿಕ್ಕಿದ್ದು ಒಂದು: ಚಪ್ಪಲಿ ಹೊಲಿಗೆ, ಇಪ್ಪತ್ತು.
ಅದೂ ರೇಷನ್ನಿನಲ್ಲಿ.

ಮುಂದಿನ ಏಳಕ್ಕೆ ಎರಡು ಲಕೋಟೆ ಹೆಚ್ಚು.
ಒಂದರ ಮೇಲೆ ಅವ್ವ.
ಇನ್ನೊಂದರ ಮೇಲೆ ಸರ್ವಮಂಗಳ,
ರೇಷನ್ ಕಾರ್ಡಿನಲ್ಲಿದ್ದಂತೆ ಪೂರ್ತಿ,
ಹನ್ನೊಂದು ವರ್ಷ ಮಂಗ್ಳಿ ಎಂದೇ ಕರೆದವನು.
ಒಳಗೆ ಮುನ್ನೂರು, ಒಂದು ಟಿಕೆಟ್ಟು. ಬೆನ್ನಿಗೆ:
"ಇದರ ಲೆಕ್ಕ ಯಾರೂ ಕೇಳಲ್ಲ."
ನಿನ್ನ ಲಕೋಟೆ? ಎಂದೆ.
"ನಂದು ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಆಗಿಹೋಗುತ್ತೆ. ಮೊದಲಿಂದಲೂ."
ಎಷ್ಟು? ಅನ್ನುವುದು ನಾಲಿಗೆ ತುದಿಗೆ ಬಂದಿತ್ತು.
ನುಂಗಿದೆ.

ಶನಿವಾರ ಸಂಜೆ ದುರ್ಗಿಗುಡಿಗೆ ಒಬ್ಬಳೇ ಹೋದೆ.
ರವಿಕೆ ಕಣ ಮುಟ್ಟಿ ನೋಡಿದೆ, ಹನ್ನೆರಡು ದಿನದ ಹಾಲು.
ಸ್ಟೀಲಿನ ಡಬ್ಬಿ, ಮಗಳ ಅರ್ಧ ಬೂಟು.
ಎಲ್ಲದರ ಮೇಲೂ ಬೇರೊಂದರ ಬೆಲೆಯೇ ಅಂಟಿಸಿದ್ದಾರೆ.
ಕೊನೆಗೆ ಒಂದು ನಿಂಬೆ ಸೋಡಾ, ಉಪ್ಪು ಹಾಕಿಸಿ,
ನಿಂತೇ ಕುಡಿದೆ. ಯಾರೂ ಗುಟುಕು ಕೇಳಲಿಲ್ಲ.
ಗ್ಯಾಸು ಮೂಗಿಗೆ ಹತ್ತಿತು, ಲಕೋಟೆಯದ್ದಲ್ಲ.

ಮನೆಗೆ ಬಂದು, ಕೈ ಸುಮ್ಮನಿರಬೇಕಲ್ಲ,
ಪುಸ್ತಕ ತೆಗೆದು ಬರೆದೇಬಿಟ್ಟೆ: ಸೋಡಾ ೨೫.
ಆಮೇಲೆ ನೆನಪಾಗಿ ಮಗಳ ರಬ್ಬರಿನಿಂದ ಉಜ್ಜಿದೆ.
ಹಾಳೆ ತೆಳುವಾಯಿತು,
ಬಲ್ಬಿಗೆ ಹಿಡಿದರೆ ಈಗಲೂ ಓದಬಹುದು.

ಉಳಿದಿದ್ದನ್ನು ಲಕೋಟೆಗೆ ಹಾಕುವಾಗ ಅದೇ ಟಿಕೆಟ್ಟು ಕೈಗೆ ಬಂತು.
ಅವನ ವಾಲಿದ ಸಾಲಿನ ಕೆಳಗೆ ನೆಟ್ಟಗೆ ಬರೆದೆ,
ಬಾಕಿ ೨೭೫,
ಸುತ್ತ ಒಂದು ಸೊನ್ನೆ ಎಳೆದೆ.