ಮೂರು ನಕ್ಷತ್ರದ ಕೆಲಸ

ಗ್ಲೇಸ್ ಬೇ ಊರಿನ ನಮ್ಮ ಕಚೇರಿಯ ಗೋಡೆಗೆ
ಸರಕಾರ ಕಳಿಸಿದ ಹಾಳೆಯೊಂದನ್ನು ಅಂಟಿಸಿದ್ದೇನೆ:
ಮನೆಮನೆಗೆ ಹೋಗಿ ಆರೈಕೆ ಮಾಡುವವರ ಭವಿಷ್ಯ,
ಮೂರಕ್ಕೆ ಮೂರು ನಕ್ಷತ್ರ.
ಇಷ್ಟು ಒಳ್ಳೆಯ ಜಾತಕವನ್ನು
ಈ ಊರು ಕಂಡು ಎಷ್ಟು ಕಾಲವಾಯಿತೋ.

ನನ್ನದು ಹೊತ್ತು ಹಂಚುವ ಕೆಲಸ.
ಎರಡು ಫೋನು, ಒಂದು ನಕಾಶೆ, ತಣ್ಣಗಾದ ಚಹಾ.
ಅರವತ್ತಮೂರು ಮನೆ, ಹದಿನೇಳು ಜನ;
ಯಾವ ಮಗ್ಗಿಯಲ್ಲೂ ಕೂಡಿಬಾರದ ಲೆಕ್ಕ.
ಬೆಳಗಿನ ಆರಕ್ಕೇ ಶುರು:
'ಕಾರು ಹಿಮದಲ್ಲಿ ಹೂತಿದೆ.'
'ಮಗುವಿಗೆ ಜ್ವರ.'
'ಥೆಲ್ಮಾ, ಇವತ್ತು ನನ್ನ ಸೊಂಟವೇ ಎದ್ದಿಲ್ಲ.'
ಎತ್ತುವವರನ್ನು ಎತ್ತುವವರು ಯಾರು?
ಆ ಕಾಲಂ ನನ್ನ ಹಾಳೆಯಲ್ಲಿಲ್ಲ.

ಮಾರಿಫೆ ಇದ್ದಳು, ಇಲೋಯ್ಲೋ ಕಡೆಯವಳು.
ಏಳಕ್ಕೆ ಬಾಸೆಟ್ ಅಜ್ಜಿಯ ಸ್ನಾನ, ನಲವತ್ತೈದು ನಿಮಿಷ
(ಅಜ್ಜಿಗೆ ಬೇಕಿದ್ದದ್ದು ಸ್ನಾನವಲ್ಲ, ಮಾತು;
ಮಾತಿಗೆ ನಾನು ನಿಮಿಷ ಬರೆದಿರಲಿಲ್ಲ).
ಎಂಟೂಕಾಲಿಗೆ ಡೊಮಿನಿಯನ್ನಿನಲ್ಲಿ ಓಟ್ಸ್ ಗಂಜಿ, ಮಾತ್ರೆ, ಹಾಸಿಗೆ.
ನಡುವಿನ ದಾರಿಗೆ ಸಂಬಳವಿಲ್ಲ.
ಗಾಜಿನ ಮೇಲಿನ ಹಿಮ ಕೆರೆದ ಹೊತ್ತು
ಯಾರ ಲೆಕ್ಕಕ್ಕೂ ಇಲ್ಲ.
ಕಾರಿನಲ್ಲೇ ಊಟ. ಒಮ್ಮೆ ನೋಡಿದ್ದೆ,
ಸ್ಟೇರಿಂಗಿಗೆ ಅಂಟಿ ಒಣಗಿದ ಒಂದು ಅಗುಳು.

ಹತ್ತಕ್ಕೆ ಲಾಕ್ಲಾನ್ ಮ್ಯಾಕೆಕರ್ನ್.
ಸಮುದ್ರದ ಅಡಿಗೆ ಇಳಿದು ಕಲ್ಲಿದ್ದಲು ಕಡಿದವನು,
ಈಗ ಉಸಿರನ್ನು ನಳಿಗೆಯಿಂದ ಸಾಲ ಪಡೆಯುವವನು.
ಮೊದಲ ವಾರ ಬಾಗಿಲು ತೆರೆಯಲಿಲ್ಲ.
ಎರಡನೆಯ ವಾರ ಷರತ್ತು ಹಾಕಿದ:
'ಗಡ್ಡ ನಾನೇ ಹೆರೆದುಕೊಳ್ಳುತ್ತೇನೆ.
ಕನ್ನಡಿ ಹಿಡಿ, ಸಾಕು.'
ಹಿಡಿದಳು. ನಾಲ್ಕು ವರ್ಷ.

'ನಿನ್ನ ಕೆಲಸಕ್ಕೆ ಭವಿಷ್ಯ ಇದೆಯಾ ಹುಡುಗಿ?'
ಎಂದು ಕೇಳಿದನಂತೆ ಒಂದು ದಿನ, ಕೆನ್ನೆಯ ತುಂಬ ನೊರೆ.
'ಮೂರು ನಕ್ಷತ್ರ,' ಎಂದಳಂತೆ.
ನಕ್ಕನಂತೆ, ಕೆಮ್ಮಿ ಕೆಮ್ಮಿ ನೀಲಿಯಾಗುವವರೆಗೆ.
'ನಮಗೂ ಹೇಳಿದ್ದರು:
ಇದ್ದಲು ಮೊಮ್ಮಕ್ಕಳ ಕಾಲಕ್ಕೂ ಮುಗಿಯದು ಎಂದು.
ಮಗ ಇಳಿಯುವ ಮೊದಲೇ ಬಾಯಿ ಮುಚ್ಚಿದರು, ಗಣಿಗೂ ನಮಗೂ.'
ಆಮೇಲೆ ಬ್ಲೇಡು ತೊಳೆಯುತ್ತ:
'ನಿನ್ನ ಗಣಿ ಬರಿದಾಗುವುದಿಲ್ಲ ಬಿಡು.
ನಾವಿದ್ದೇವಲ್ಲ, ಪದರ ಪದರವಾಗಿ.'

ಮೊನ್ನೆ ಮಂಗಳವಾರ ಅವಳ ಫೋನು ಬಂತು.
ಹ್ಯಾಲಿಫ್ಯಾಕ್ಸಿನ ಆಸ್ಪತ್ರೆ ಕರೆದಿದೆ;
ಒಂದೇ ಕಟ್ಟಡ, ಬೆಚ್ಚಗಿನ ಓಣಿ,
ಸೊಂಟ ನೊಂದರೆ ರಜೆ, ರಜೆಗೂ ಸಂಬಳ.
'ಹೋಗು' ಎಂದೆ. ಮತ್ತೇನು ಹೇಳಲಿ?
ನಕ್ಷತ್ರ ಒಳ್ಳೆಯದಿದ್ದರೆ ಹಾಗೇ ತಾನೆ,
ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ.

ಬದಲಿಗೆ ವೆಂಡಲ್ ಬರುತ್ತಾನೆ, ಇನ್ನು ಮೂರು ವಾರಕ್ಕೆ.
ಮೀನಿನ ಕಾರ್ಖಾನೆ ಮುಚ್ಚಿದಾಗ ಐವತ್ನಾಲ್ಕು ವಯಸ್ಸು.
ಕಾಲೇಜಿನಲ್ಲಿ ಈಗ ಬೊಂಬೆಯನ್ನು ಮಗ್ಗುಲು ಹೊರಳಿಸುವುದು ಕಲಿಯುತ್ತಿದ್ದಾನೆ.
'ಬೊಂಬೆ ನಾಚುವುದಿಲ್ಲ, ಅದೇ ತೊಂದರೆ,' ಎಂದ ನನ್ನೊಡನೆ.
ಒಳ್ಳೆಯವನಾಗುತ್ತಾನೆ ಎನಿಸಿತು.

ಅಲ್ಲಿಯವರೆಗೆ ಯಾರೂ ಇಲ್ಲ.
ಚೌಕದಲ್ಲಿ ನನ್ನ ಹೆಸರನ್ನೇ ಬರೆದುಕೊಂಡು
ಇವತ್ತು ಹತ್ತಕ್ಕೆ ನಾನೇ ಹೋದೆ,
ಇಪ್ಪತ್ತೆರಡು ವರ್ಷ ಫೋನು ಮಾತ್ರ ಎತ್ತಿದ ಕೈ ಹೊತ್ತು.
ಲಾಕ್ಲಾನ್ ನನ್ನನ್ನು ನೋಡಿದ, ಗಡಿಯಾರ ನೋಡಿದ,
ಅವಳ ವಿಷಯ ಕೇಳಲಿಲ್ಲ.

ಕನ್ನಡಿ ಹಿಡಿದೆ.
'ಅವಳು ಬೆಳಕಿನ ಕಡೆಗೆ ಹಿಡೀತಿದ್ದಳು.'
ಕಿಟಕಿಯತ್ತ ತಿರುಗಿಸಿದೆ.
'ಸ್ವಲ್ಪ ಮೇಲಕ್ಕೆ.'
ಎತ್ತಿದೆ.
'ಹಾಂ. ಅಲ್ಲೇ.'
ಗಲ್ಲದ ಕೆಳಗಿನ ನೀಲಿ ಕಲೆಯೊಂದನ್ನು,
ಚರ್ಮದೊಳಗೆ ಉಳಿದುಹೋದ ಇದ್ದಲ ಪುಡಿಯನ್ನು,
ಬಳಸಿಕೊಂಡು ಬ್ಲೇಡು ನಿಧಾನ ಸಾಗಿತು.
ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು.